ಹಸಿವು ಕೊಟ್ಟಿರಿ, ಹಾಡು ಕೊಡಲಿಲ್ಲ



ನಮ್ಮ ಕೇರಿಯ ಹುಡುಗ ಕಥೆಯೊಳಗೆ ಹೇಗೆ ಬರುತ್ತಾನೆ ಅನ್ನೋದು ನಮಗೆ ಬಾಯಿಪಾಠವಾಗಿ ಹೋಗಿದೆ. ಹರಿದ ಅಂಗಿ. ಹೊಟ್ಟೆಯಲ್ಲಿ ಹಸಿವು. ಕುಡಿಯುವ ಅಪ್ಪ, ಕೂಲಿಗೆ ಹೋಗುವ ಅವ್ವ. ಹುಡುಗ ಬಲು ಜಾಣ, ಬಲು ವಿಧೇಯ. ಒಬ್ಬ ಕರುಣಾಳು ಮೇಷ್ಟ್ರು ಬರುತ್ತಾರೆ, ತಲೆ ಸವರುತ್ತಾರೆ, ಫೀಸು ಕಟ್ಟುತ್ತಾರೆ. ಹುಡುಗ ಫಸ್ಟ್ ಕ್ಲಾಸಲ್ಲಿ ಪಾಸು. ಮುಗೀತು ಕಥೆ. ಓದಿದವರ ಕಣ್ಣಲ್ಲಿ ನೀರು, ಬರೆದವರ ಕೊರಳಲ್ಲಿ ಹಾರ.

ಅದೇ ಪುಸ್ತಕದಲ್ಲಿ ಮೇಲಿನ ಬೀದಿಯ ಹುಡುಗಿಯೊಬ್ಬಳು ಇರುತ್ತಾಳೆ. ಅವಳಿಗೆ ಸಂಗೀತದ ಪಾಠ ಉಂಟು. ಯಾವ ರಾಗ ಕೇಳಿದರೆ ಅವಳ ಮನಸ್ಸು ಭಾರವಾಗುತ್ತದೆ, ಕಿಟಕಿ ಪಕ್ಕ ಕೂತು ಅವಳು ಯಾವ ಪುಸ್ತಕ ಓದುತ್ತಾಳೆ, ಯಾವ ಬಣ್ಣದಲ್ಲಿ ಚಿತ್ರ ಬರೆಯುತ್ತಾಳೆ, ಎಲ್ಲಕ್ಕೂ ಪುಟಗಟ್ಟಲೆ ಜಾಗ. ನಮ್ಮ ಹುಡುಗನಿಗೆ ಏನಿಷ್ಟ? ಯಾರೂ ಕೇಳಲಿಲ್ಲ. ಅವನು ಯಾವ ಸಿನಿಮಾಕ್ಕಾಗಿ ಹಾಸ್ಟೆಲಿನ ಗೋಡೆ ಹಾರಿದ, ಯಾವ ಹೀರೋನಂತೆ ತಲೆ ಬಾಚಿಕೊಂಡ, ಒಬ್ಬನೇ ದಾರಿ ನಡೆಯುವಾಗ ಅವನ ಬಾಯಲ್ಲಿ ಯಾವ ಹಾಡು ಬರುತ್ತದೆ, ಬರೆದವರಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ಅನ್ನಿಸಲೂ ಇಲ್ಲ.

ಅವಳಿಗೆ ಅಭಿರುಚಿ ಕೊಟ್ಟರು. ಇವನಿಗೆ ಹಸಿವು ಕೊಟ್ಟರು. ಇದು ನಮ್ಮ ಜಗಳ.

ಹಸಿವು ಸುಳ್ಳು ಅಂತ ನಾವು ಹೇಳುತ್ತಿಲ್ಲ. ಹಸಿವಿನ ಬಗ್ಗೆ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆದರೆ ಹಸಿವು ಅನ್ನೋದು ಪರಿಸ್ಥಿತಿ, ಅದು ಪಾತ್ರವಲ್ಲ. ಹಸಿದವರು ಹತ್ತು ಜನ ಒಂದೆಡೆ ಕೂತಿದ್ದರೆ ಹತ್ತೂ ಜನ ಬೇರೆ ಬೇರೆ ಮನುಷ್ಯರು. ಒಬ್ಬ ಶಿಳ್ಳೆ ಹಾಕುತ್ತಾನೆ, ಒಬ್ಬಳು ನೆಲದ ಮೇಲೆ ಕಡ್ಡಿಯಲ್ಲಿ ಗೀರುತ್ತಾಳೆ, ಒಬ್ಬ ಇನ್ನೊಬ್ಬನ ದನಿ ಅಣಕಿಸಿ ನಗಿಸುತ್ತಾನೆ. ಆ ಶಿಳ್ಳೆ, ಆ ಗೀರು, ಆ ಅಣಕ ಬರೆಯದೆ ಬರೀ ಹಸಿವು ಬರೆದವರು ಮನುಷ್ಯರನ್ನು ಬರೆಯಲಿಲ್ಲ. ದರಖಾಸ್ತು ಬರೆದರು.

ಅದರಲ್ಲೂ ಹರೆಯದವರ ಕಥೆಯಲ್ಲಿ ಇದು ಸಣ್ಣ ತಪ್ಪಲ್ಲ. ಹದಿನಾಲ್ಕರಿಂದ ಹದಿನೆಂಟರವರೆಗಿನ ವಯಸ್ಸು ಎಂಥದ್ದು ನೋಡಿ. ಹೆಸರು ಅಪ್ಪ ಅವ್ವ ಇಟ್ಟದ್ದು. ಜಾತಿ ಊರು ಕೊಟ್ಟದ್ದು. ಮನೆ, ಬೀದಿ, ಶಾಲೆ, ಯಾವುದನ್ನೂ ನಾವು ಆರಿಸಿಕೊಂಡಿಲ್ಲ. ಓಟು ಇಲ್ಲ, ಸಂಪಾದನೆ ಇಲ್ಲ. ಆ ವಯಸ್ಸಿನಲ್ಲಿ ಒಂದು ಜೀವ ತಾನೇ ಆರಿಸಿಕೊಳ್ಳುವುದು ಏನು? ಒಂದು ಹಾಡು. ಒಬ್ಬ ಹೀರೋ. ಒಂದು ಕ್ರಾಪು. ಗೋಡೆಗೆ ಅಂಟಿಸುವ ಒಂದು ಪಟ. ಅದೇ ಅವರ ಮೊದಲನೇ ಓಟು. ಅದನ್ನು ಎಣಿಸದ ಕಾದಂಬರಿಕಾರ ಆ ಹುಡುಗನ ಗುಣ ಹೇಗೆ ಹೇಳುತ್ತಾನೆ? 'ಅವನು ಒಳ್ಳೆಯವನು' ಅಂತ ತಾನೇ ಸರ್ಟಿಫಿಕೇಟು ಬರೆದು ಸಹಿ ಹಾಕುತ್ತಾನೆ, ಅಷ್ಟೇ.

ಈ ಮಾತು ನಮಗೆ ನಮ್ಮ ಪುಸ್ತಕಗಳಿಂದ ಹೊಳೆಯಲಿಲ್ಲ. ಅಮೆರಿಕದ ಪುಸ್ತಕಗಳಿಂದ ಹೊಳೆಯಿತು. ಯಾಕೆ ಅಷ್ಟು ದೂರ ಹೋದಿರಿ ಅಂತ ಕೇಳಬಹುದು. ಹೊಸದಾಗಿ ಹೋದದ್ದಲ್ಲ. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜೆ. ವಿ. ಪವಾರ್ ಮುಂತಾದವರು ಆ ಹೆಸರನ್ನೇ ತಂದು ದಲಿತ ಪ್ಯಾಂಥರ್ಸ್ ಅಂದರು. ಕರಿಯರ ಸಂಕಟಕ್ಕೂ ನಮ್ಮ ಸಂಕಟಕ್ಕೂ ನಂಟು ಇದೆ ಅಂತ ಹಿರಿಯರು ಅವತ್ತೇ ಕಂಡರು. ನಾವು ಅದೇ ದಾರಿಯಲ್ಲಿ, ಹಾಸ್ಟೆಲಿನಲ್ಲಿ ಒಂದೇ ಪ್ರತಿಯನ್ನು ಐದು ಜನ ಕೈ ಬದಲಿಸಿಕೊಂಡು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆವು. ಅಲ್ಲಿ ಹರೆಯದವರಿಗೆ ಅಂತಲೇ ಒಂದು ಸಾಹಿತ್ಯ ಬೇರೆಯಾಗಿ ಬೆಳೆದಿದೆ. ನಮ್ಮಲ್ಲಿ ಮಕ್ಕಳ ಸಾಹಿತ್ಯ ಅಂತ ಒಂದು ಕಪಾಟು, ದೊಡ್ಡವರದು ಅಂತ ಇನ್ನೊಂದು. ನಡುವೆ ನಿಂತ ಹದಿನಾರರ ಹುಡುಗಿ ಕೈ ಚಾಚಿದರೆ ಸಿಗುವುದು ಗೈಡು ಮಾತ್ರ.

ಮೊದಲು ಬಿಳಿಯರ ಪುಸ್ತಕದಿಂದಲೇ ಶುರು ಮಾಡೋಣ. 1967ರಲ್ಲಿ ಬಂದ 'ದಿ ಔಟ್‌ಸೈಡರ್ಸ್'. ಬರೆದವಳು ಓಕ್ಲಹಾಮಾ ರಾಜ್ಯದ ಟಲ್ಸಾ ಊರಿನ ಶಾಲಾ ಹುಡುಗಿ ಎಸ್. ಇ. ಹಿಂಟನ್. ಹದಿನೈದರಲ್ಲಿ ಬರೆಯಲು ಕೂತಳು, ಅಚ್ಚಾದಾಗ ಹದಿನೆಂಟು. ಹುಡುಗಿ ಬರೆದದ್ದು ಅಂತ ಗೊತ್ತಾದರೆ ವಿಮರ್ಶಕ ಗಂಡಸರು ಮೂಗು ಮುರಿದಾರು ಅಂತ ಪ್ರಕಾಶಕರು ಅವಳ ಹೆಸರನ್ನು ಎರಡು ಅಕ್ಷರಕ್ಕೆ ಇಳಿಸಿದರು. ಕಥೆ ಒಂದೇ ಊರಿನ ಎರಡು ಗುಂಪುಗಳದ್ದು. ಒಂದು ಕಡೆ ಬಡ ಹುಡುಗರು. ತಲೆಗೆ ಎಣ್ಣೆ ಬಳಿದು ಕೂದಲು ಉದ್ದ ಬಿಟ್ಟವರು. ಇನ್ನೊಂದು ಕಡೆ ಕಾರು ಇರುವ ಸಿರಿವಂತರ ಮಕ್ಕಳು. ಹದಿನಾಲ್ಕರ ಪೋನಿಬಾಯ್ ಕಥೆ ಹೇಳುತ್ತಾನೆ. ಅವನು ನಮಗೆ ಮೊದಲು ಕಾಣುವುದು ಎಲ್ಲಿ? ಗುಡಿಸಲಲ್ಲಿ ಹಸಿದುಕೊಂಡು ಅಲ್ಲ. ಸಿನಿಮಾ ಟಾಕೀಸಿನಿಂದ ಹೊರಗೆ ಬರುತ್ತಾ, ತಾನು ಪಾಲ್ ನ್ಯೂಮನ್ ಥರ ಇದ್ದಿದ್ದರೆ ಅಂತ ಆಸೆಪಡುತ್ತಾ. ಆ ಆಸೆಯಲ್ಲಿ ಅವನ ಬಡತನವೂ ಇದೆ, ಒಂಟಿತನವೂ ಇದೆ, ಕನಸೂ ಇದೆ. ಲೇಖಕಿ ಅವನಿಗೊಂದು ಮನಸ್ಸಿದೆ ಅಂತ ನಂಬಿದಳು.

ಸಿರಿವಂತರ ಮಕ್ಕಳಿಗೆ ಬೀಟಲ್ಸ್ ಪ್ರಿಯ. ಈ ಬಡ ಹುಡುಗರಿಗೆ ಎಲ್ವಿಸ್ ಪ್ರೀಸ್ಲಿ. ಹಾಡಿನಲ್ಲೂ ಎರಡು ಬೀದಿ! ಸಿರಿವಂತರಿಗೆ ಕಾರು, ಚೌಕಳಿಯ ಮದ್ರಾಸ್ ಶರ್ಟು. ಹೌದು, ನಮ್ಮ ದಕ್ಷಿಣದ ಮದ್ರಾಸ್ ಊರಿನಿಂದಲೇ ಹೆಸರು ಪಡೆದ ಅದೇ ಬಟ್ಟೆ. ಇಲ್ಲಿ ನೇಯುವವನ ಮೈಮೇಲಿನ ಬಟ್ಟೆ, ಅಲ್ಲಿ ಉಳ್ಳವನ ಬಿರುದು. ಇವೆಲ್ಲ ಈ ಹುಡುಗರ ಕೈಗೆ ಎಟುಕುವುದಿಲ್ಲ. ಎಟುಕುವುದು ಕೂದಲು ಒಂದೇ. ಅದಕ್ಕೇ ಅದರ ಮೇಲೆ ಅಷ್ಟು ಅಭಿಮಾನ. ಕೊಲೆಯ ಗಲಾಟೆಯಲ್ಲಿ ಸಿಕ್ಕಿ ತಲೆ ಮರೆಸಿಕೊಂಡಾಗ ಪೋನಿಬಾಯ್ ಕೂದಲು ಕತ್ತರಿಸಿ ಬಣ್ಣ ಬದಲಿಸಬೇಕಾಗುತ್ತದೆ. ಆಗ ಅವನಿಗಾಗುವ ಸಂಕಟ ಇದೆಯಲ್ಲ, ಅದನ್ನು ಓದಿ ಹಾಸ್ಟೆಲಿನಲ್ಲಿ ಯಾರೂ ನಗಲಿಲ್ಲ. 'ಓದೋಕೆ ಬಂದಿದೀಯೋ ಶೋಕಿ ಮಾಡೋಕೆ ಬಂದಿದೀಯೋ' ಅಂತ ನಮ್ಮ ಕ್ರಾಪು ಹಿಡಿದು ಎಳೆದವರು ನಮಗೂ ಇದ್ದಾರೆ.

ಆದರೆ ಆ ಪುಸ್ತಕವನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸುವುದಿಲ್ಲ. ಪಾಳು ಚರ್ಚಿನಲ್ಲಿ ಅಡಗಿಕೊಂಡ ಇಬ್ಬರು ಹುಡುಗರು 'ಗಾನ್ ವಿತ್ ದಿ ವಿಂಡ್' ಅನ್ನುವ ದಪ್ಪ ಕಾದಂಬರಿ ಓದಿಕೊಳ್ಳುತ್ತಾರೆ. 1936ರಲ್ಲಿ ಮಾರ್ಗರೆಟ್ ಮಿಚೆಲ್ ಬರೆದ ಆ ಕಾದಂಬರಿ ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಜಮೀನ್ದಾರರ ಸೊಗಸನ್ನು ಹಾಡಿ ಹೊಗಳಿದ್ದು. ಅದರ ಸಿನಿಮಾ 1939ರಲ್ಲಿ ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ಕಂಡಾಗ, ಅದರಲ್ಲೇ ನಟಿಸಿದ ಕರಿಯ ನಟಿ ಹ್ಯಾಟಿ ಮೆಕ್‌ಡ್ಯಾನಿಯಲ್‌ಗೆ ಅಲ್ಲಿ ಜಾಗವಿರಲಿಲ್ಲ. ಆ ದೊರೆಗಳ ಗತ್ತನ್ನು ಕಂಡು ಜಾನಿ ಅನ್ನುವ ಏಟು ತಿಂದ ಹುಡುಗ ಮರುಳಾಗುತ್ತಾನೆ. ತನ್ನ ಗುಂಪಿನ ಪೋಕರಿ ಗೆಳೆಯನನ್ನು ಅವರಿಗೆ ಹೋಲಿಸುತ್ತಾನೆ. ದಿನಾ ಒದೆ ತಿನ್ನುವವನು ಒದೆಯುವವರ ವಂಶದ ಕಥೆಗೆ ಕಣ್ಣರಳಿಸುತ್ತಾನೆ! ಲೇಖಕಿ ಇದನ್ನು ಬೇಕೆಂದು ಮಾಡಿದಳೋ ಇಲ್ಲವೋ, ನಮಗೆ ಮಾತ್ರ ಒಂದು ಸತ್ಯ ಕಂಡಿತು. ಜನ ಇಷ್ಟಪಡುವ ಕಲೆ ಅವರ ಬೆಳಕನ್ನೂ ತೋರಿಸುತ್ತದೆ, ಅವರ ಮೈಮರೆವನ್ನೂ ತೋರಿಸುತ್ತದೆ. ನಮ್ಮನ್ನು ಕೀಳಾಗಿ ಕಾಣುವ ಸಿನಿಮಾಕ್ಕೆ ನಾವೇ ಶಿಳ್ಳೆ ಹೊಡೆದು ಕಾಗದ ತೂರಿಲ್ಲವೇ? ಜಮೀನ್ದಾರ ಹೀರೋ ಚಾವಟಿ ಬೀಸಿದಾಗ ಮುಂದಿನ ಬೆಂಚಿನಲ್ಲಿ ಎದ್ದು ಕುಣಿದವರು ಯಾರು? ನಾವೇ. ಆ ಶಿಳ್ಳೆಯನ್ನು ಬಚ್ಚಿಟ್ಟು ಬರೆದ ಕಥೆ ಅರ್ಧ ಕಥೆ.

ಎರಡನೆಯದು 1999ರ 'ಮಾನ್‌ಸ್ಟರ್'. ಬರೆದವರು ಕರಿಯ ಲೇಖಕ ವಾಲ್ಟರ್ ಡೀನ್ ಮೈಯರ್ಸ್. ಹರೆಯದವರ ಪುಸ್ತಕಗಳಿಗೆ ಅಂತ ಹುಟ್ಟಿದ ಪ್ರಿಂಟ್ಜ್ ಪ್ರಶಸ್ತಿ 2000ದಲ್ಲಿ ಮೊಟ್ಟಮೊದಲು ಸಂದದ್ದು ಇದಕ್ಕೇ. ಹಾರ್ಲೆಮಿನ ಹದಿನಾರು ವರ್ಷದ ಸ್ಟೀವ್ ಹಾರ್ಮನ್ ಜೈಲಿನಲ್ಲಿದ್ದಾನೆ. ಒಂದು ಔಷಧಿ ಅಂಗಡಿಯ ದರೋಡೆಯಲ್ಲಿ ಮಾಲೀಕ ಸತ್ತಿದ್ದಾನೆ. ಈ ಹುಡುಗ ಒಳಗೆ ಇಣುಕಿ ನೋಡಿ ಸನ್ನೆ ಕೊಟ್ಟ ಅಂತ ಆರೋಪ. ಸರ್ಕಾರಿ ವಕೀಲೆಯ ಬಾಯಲ್ಲಿ ಅವನು ರಾಕ್ಷಸ. ಸ್ಟೀವ್ ಶಾಲೆಯಲ್ಲಿ ಸಿನಿಮಾ ಮಾಡುವುದನ್ನು ಕಲಿತವನು. ಅದಕ್ಕೇ ತನ್ನ ಮೊಕದ್ದಮೆಯನ್ನು ಅವನು ಸಿನಿಮಾ ಚಿತ್ರಕಥೆಯಾಗಿ ಬರೆಯುತ್ತಾ ಹೋಗುತ್ತಾನೆ. ಎಲ್ಲಿ ಕ್ಯಾಮೆರಾ ಹತ್ತಿರ ಬರಬೇಕು, ಎಲ್ಲಿ ದನಿ ಮಾತ್ರ ಕೇಳಬೇಕು, ಎಲ್ಲಾ. ಭಯವಾದಾಗ ಮನುಷ್ಯ ತನಗೆ ಗೊತ್ತಿರುವ ಕಲೆಯ ಹಿಂದೆ ನಿಲ್ಲುತ್ತಾನೆ. ಅದು ಅವನ ಗುರಾಣಿಯೂ ಹೌದು, ಅವನ ಕನ್ನಡಿಯೂ ಹೌದು.

ಆ ಕೋರ್ಟಿನಲ್ಲಿ ಒಂದು ದಿನ ಅವನ ಸಿನಿಮಾ ಮೇಷ್ಟ್ರು ಸಾಕ್ಷಿಗೆ ಬರುತ್ತಾರೆ. ಹುಡುಗನ ಚಿತ್ರಗಳಲ್ಲಿ ಪ್ರಾಮಾಣಿಕತೆ ಇದೆ, ಹುಡುಗ ಪ್ರಾಮಾಣಿಕ ಅಂತ ಹೇಳುತ್ತಾರೆ. ವಕೀಲೆ ಎದ್ದು, ಅವನು ತನ್ನ ಕೇರಿಯಲ್ಲಿ ಏನು ಮಾಡುತ್ತಾನೆ ಅನ್ನೋದು ನಿಮಗೇನು ಗೊತ್ತು ಅನ್ನುವ ಧಾಟಿಯಲ್ಲಿ ಆ ಮಾತಿನ ಗಾಳಿ ತೆಗೆಯುತ್ತಾಳೆ. ಗ್ರಾಮಾಂತರದ ಮೇಷ್ಟ್ರುಗಳೇ, ಈ ಜಾಗವನ್ನು ನಿಲ್ಲಿಸಿ ಓದಿ. ಕಲೆಯಿಂದ ಗುಣ ತಿಳಿಯುತ್ತದೆಯೇ ಅನ್ನೋದು ಅಲ್ಲಿ ಸೆಮಿನಾರಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಕೊನೆಗೆ ಸ್ಟೀವ್ ಬಿಡುಗಡೆಯಾಗುತ್ತಾನೆ. ತಬ್ಬಿಕೊಳ್ಳಲು ಕೈ ಚಾಚಿದರೆ ಅವನದೇ ವಕೀಲೆ ಮುಖ ತಿರುಗಿಸುತ್ತಾಳೆ. ಗೆದ್ದ ಮೇಲೂ! ಆಮೇಲೆ ತಿಂಗಳುಗಟ್ಟಲೆ ಅವನು ತನ್ನನ್ನೇ ತಾನು ಚಿತ್ರ ತೆಗೆದುಕೊಳ್ಳುತ್ತಿರುತ್ತಾನೆ. ಆಕೆ ನನ್ನಲ್ಲಿ ಏನು ಕಂಡಳು ಅಂತ ಹುಡುಕುತ್ತಾ. ಇಂಟರ್‌ವ್ಯೂ ಕೊಠಡಿಯಿಂದ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕನ್ನಡಿಯಲ್ಲಿ ಮುಖ ನೋಡಿಕೊಂಡ ನಮಗೆ ಆ ಹುಡುಕಾಟ ಗೊತ್ತು.

ಇನ್ನು 2017ರ 'ದಿ ಹೇಟ್ ಯು ಗಿವ್'. ಮಿಸಿಸಿಪ್ಪಿಯ ಆಂಜಿ ಥಾಮಸ್ ಬರೆದದ್ದು. ಹರೆಯದಲ್ಲಿ ತಾನೂ ರ‍್ಯಾಪ್ ಹಾಡಿದವಳು. ಹದಿನಾರರ ಸ್ಟಾರ್ ಕಾರ್ಟರ್ ಕರಿಯರ ಬಡ ಬಡಾವಣೆಯಲ್ಲಿ ವಾಸ, ಬಿಳಿಯರ ಖಾಸಗಿ ಶಾಲೆಯಲ್ಲಿ ಓದು. ಒಂದು ರಾತ್ರಿ ಬಾಲ್ಯದ ಗೆಳೆಯ ಖಲೀಲನ ಕಾರಿನಲ್ಲಿ ಮನೆಗೆ ಹೊರಟಿದ್ದಾಳೆ. ಅವನು ಹಳೇ ಹಾಡು ಹಾಕುತ್ತಾನೆ. 1996ರಲ್ಲಿ ಗುಂಡೇಟಿಗೆ ಸತ್ತ ಟೂಪಾಕ್ ಶಕೂರನದು. ಎಳೆಯ ಮಕ್ಕಳಿಗೆ ಉಣಿಸಿದ ದ್ವೇಷ ಕೊನೆಗೆ ಎಲ್ಲರನ್ನೂ ಸುಡುತ್ತದೆ ಅನ್ನುವ ಟೂಪಾಕನ ವಿಚಾರವನ್ನು ಖಲೀಲ ಅವಳಿಗೆ ಬಿಡಿಸಿ ಹೇಳುತ್ತಾನೆ. ಪುಸ್ತಕದ ಹೆಸರು ಹುಟ್ಟಿದ್ದೂ ಅಲ್ಲಿಂದಲೇ. ಸ್ವಲ್ಪ ಹೊತ್ತಿಗೆ ಪೊಲೀಸಿನವನು ಕಾರು ನಿಲ್ಲಿಸುತ್ತಾನೆ. ತಲೆ ಬಾಚುವ ಬ್ರಷ್ಷನ್ನು ಪಿಸ್ತೂಲು ಅಂದುಕೊಂಡು ಖಲೀಲನನ್ನು ಸುಡುತ್ತಾನೆ.

ಮಾರನೆಯ ದಿನದಿಂದ ಟೀವಿಯವರು, ಪೊಲೀಸರು ಖಲೀಲನಿಗೆ ಒಂದು ಗುಣ ಅಂಟಿಸುತ್ತಾರೆ. ಮಾದಕ ವಸ್ತು ಮಾರುವವನು, ರೌಡಿ. ಆದರೆ ಓದಿದ ನಮಗೆ ಅವನು ಯಾರು ಅಂತ ಆಗಲೇ ಗೊತ್ತಾಗಿಬಿಟ್ಟಿದೆ. ಒಂದು ಹಾಡು ಹಾಕಿ, ಅದರ ಅರ್ಥ ಗೆಳತಿಗೆ ಬಿಡಿಸಿ ಹೇಳಿದವನು. ಯೋಚನೆ ಮಾಡುವವನು. ಲೇಖಕಿ ಅವನಿಗೆ ಬದುಕಲು ಕೆಲವೇ ಪುಟ ಕೊಟ್ಟಳು. ಆ ಪುಟಗಳಲ್ಲಿ ಅವನ ಕೈಗೆ ಹಾಡು ಕೊಟ್ಟಳು. ಅದಕ್ಕೇ ಅವನು ಬರೀ ಹೆಣವಾಗಲಿಲ್ಲ. ನಮ್ಮ ಕಥೆಗಳಲ್ಲಿ ಕೊಲೆಯಾಗುವ ನಮ್ಮವರು ಸಾಯುವ ಮೊದಲು ಏನು ಹಾಡುತ್ತಿದ್ದರು? ಯಾರಾದರೂ ಬರೆದಿದ್ದಾರಾ ಸ್ವಾಮಿ?

ಅದೇ ಸ್ಟಾರ್ ಶಾಲೆಗೆ ಹೋದರೆ ಬೇರೆ ಹುಡುಗಿಯಾಗುತ್ತಾಳೆ. ರ‍್ಯಾಪ್ ಹಾಡಿನ ಮಾತು ಬಾಯಿಗೆ ಬಾರದಂತೆ ನೋಡಿಕೊಳ್ಳುತ್ತಾಳೆ. ಬಿಳಿ ಹುಡುಗರು ಅದೇ ಮಾತಾಡಿದರೆ ಫ್ಯಾಷನ್ನು, ಇವಳು ಆಡಿದರೆ ಕೇರಿಯವಳು! ಬಿಳಿಯ ಗೆಳತಿಯೊಬ್ಬಳು ಇವಳ ಜೊತೆ ಇಂಟರ್‌ನೆಟ್ಟಿನ ನಂಟು ಕಡಿದುಕೊಳ್ಳುತ್ತಾಳೆ. ಕಾರಣ, 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದ ಹದಿನಾಲ್ಕರ ಎಮೆಟ್ ಟಿಲ್‌ನ ಚಿತ್ರವನ್ನು ಸ್ಟಾರ್ ಹಾಕಿದ್ದಳು. ಯಾವ ಚಿತ್ರ ಹಾಕುತ್ತೀಯ, ಯಾವ ಚಿತ್ರ ಕಂಡರೆ ಮುಖ ತಿರುಗಿಸುತ್ತೀಯ, ಅಷ್ಟರಲ್ಲಿ ಇಬ್ಬರು ಹುಡುಗಿಯರ ಜಾತಕ ಬರೆದಾಯಿತು. ಇವಳ ಅಪ್ಪನ ಸಂಗತಿ ಇನ್ನೂ ಚೆನ್ನ. ಮಕ್ಕಳಿಗೆ ಪ್ಯಾಂಥರ್ ಪಕ್ಷದ ಹತ್ತು ಅಂಶಗಳನ್ನು ಬಾಯಿಪಾಠ ಮಾಡಿಸಿದವನು, ಹ್ಯಾರಿ ಪಾಟರ್ ಶಾಲೆಯ ನಾಲ್ಕು ಪಂಗಡಗಳೂ ಬೀದಿ ಗ್ಯಾಂಗುಗಳೇ ಅಂತ ವಾದಿಸುತ್ತಾನೆ. ಮಕ್ಕಳು ನಗುತ್ತಾರೆ, ನಾವೂ ನಕ್ಕೆವು. ಆದರೆ ನೋಡಿ, ಜೈಲು ಕಂಡು ಬಂದ ಒಬ್ಬ ಕರಿಯ ಅಂಗಡಿಯವ ಲೋಕವೆಲ್ಲ ಓದಿದ ಪುಸ್ತಕವನ್ನು ತನ್ನ ಅನುಭವದಲ್ಲಿ ಅಳೆಯುತ್ತಿದ್ದಾನೆ. ಅದು ವಿಮರ್ಶೆ ಕಣ್ರಪ್ಪಾ. ವಿಮರ್ಶೆ ಮಾಡುವ ಅಪ್ಪ ನಮ್ಮ ಕೇರಿಯ ಕಥೆಯಲ್ಲಿ ಇನ್ನೂ ಬರಬೇಕು. ಈವರೆಗೆ ಬಂದದ್ದು ಕುಡಿಯುವ ಅಪ್ಪ ಮಾತ್ರ.

ಈ ಪುಸ್ತಕದ ಮೇಲೆ ಅಲ್ಲಿಯ ಶಿಷ್ಟರು ಹರಿಹಾಯ್ದರು. ಅತಿ ಹೆಚ್ಚು ಆಕ್ಷೇಪಣೆ ಬಂದ ಪುಸ್ತಕಗಳು ಅಂತ ಅಮೆರಿಕದ ಗ್ರಂಥಾಲಯ ಸಂಘ ಮಾಡಿದ 2017ರ ಪಟ್ಟಿಯಲ್ಲೇ ಇದು ಸೇರಿತು. ಬೈಗುಳ ಇದೆ, ಮಾದಕ ವಸ್ತು ಇದೆ ಅಂತ ದೂರು. ಗುಂಡು ಹೊಡೆದದ್ದಕ್ಕಿಂತ ಬೈದದ್ದು ದೊಡ್ಡ ಅಪರಾಧ! ನಮ್ಮ ಕಡೆಯ ಶಿಷ್ಟರಿಗೂ ಇವರಿಗೂ ಸೋದರ ಸಂಬಂಧ ಇರಬೇಕು.

ಈಗ ನಮ್ಮ ಊರಿಗೆ ಬರೋಣ. ಸ್ಟಾರ್ ಕಾರ್ಟರ್‌ಳ ಎರಡು ನಾಲಿಗೆಯ ಕಥೆ ಓದುವಾಗ ನಮ್ಮ ಹಾಸ್ಟೆಲಿನ ಕೋಣೆ ಯಾಕೆ ಮೌನವಾಯಿತು ಅಂತ ಹೇಳಬೇಕು.

ನಾವು ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ. ಡಿಗ್ರಿಗೆ ಸೇರಿದ ವರ್ಷ ಹೊಸಬರ ಸ್ವಾಗತಕ್ಕೆ ಕಾರ್ಯಕ್ರಮ ಇಟ್ಟರು. ಯಾರಿಗಾದರೂ ಹಾಡು ಬರುತ್ತಾ ಅಂತ ಕೇಳಿದರು. ನಮ್ಮಲ್ಲೊಬ್ಬ ಎದ್ದ. ಅವನ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ನೂರಾರು ಹಾಡು. ಸಂತೆ ಬೀದಿಯ ಅಂಗಡಿಯಲ್ಲಿ ದುಡ್ಡು ಕೊಟ್ಟು ತುಂಬಿಸಿಕೊಂಡದ್ದು. ಅಪ್ಪು ಸಿನಿಮಾದ ಹಾಡು, ಮಾದಪ್ಪನ ಹಾಡು, ಅಂಬೇಡ್ಕರ್ ಜಯಂತಿಯ ಹಾಡು, ಅವ್ವ ನಾಟಿ ಹಾಕುವಾಗ ಹೇಳುವುದನ್ನು ತಾನೇ ರೆಕಾರ್ಡು ಮಾಡಿಕೊಂಡ ಪದ. ಎಲ್ಲಾ ಒಂದೇ ಕಾರ್ಡಿನಲ್ಲಿ, ಜಗಳವಿಲ್ಲದೆ. ಅವನು ಮೈಕಿನ ಮುಂದೆ ನಿಂತ. ಮುಂದಿನ ಸಾಲಿನ ಕುರ್ಚಿಗಳನ್ನು ನೋಡಿದ. ಹೈಸ್ಕೂಲಿನಲ್ಲಿ ಕಲಿಸಿದ್ದ ಒಂದು ಭಾವಗೀತೆ ಹಾಡಿ ಇಳಿದ. ಚಪ್ಪಾಳೆ ಬಿತ್ತು. ಒಬ್ಬ ಅಧ್ಯಾಪಕರು ಬೆನ್ನು ತಟ್ಟಿ, 'ಪರವಾಗಿಲ್ಲವೇ, ಸಂಸ್ಕಾರ ಇದೆ ಹುಡುಗನಿಗೆ' ಅಂದರು.

ಆ 'ಪರವಾಗಿಲ್ಲವೇ' ಅನ್ನುವ ಮಾತು ಅವತ್ತಿನಿಂದ ನಮ್ಮ ಕಿವಿಯಲ್ಲಿ ಕೂತಿದೆ. ಭಾವಗೀತೆಯ ಮೇಲೆ ನಮಗೆ ಸಿಟ್ಟಿಲ್ಲ. ಅದೂ ನಮ್ಮದೇ, ಬಿಟ್ಟುಕೊಡುವುದಿಲ್ಲ. ಆದರೆ ಅವ್ವನ ದನಿ ಜೇಬಿನಲ್ಲೇ ಉಳಿಯಿತಲ್ಲ! ಆ ರಾತ್ರಿ ಅವನು ಅನ್ನಕ್ಕೆ ಬರಲಿಲ್ಲ. ಹೊದ್ದು ಮಲಗಿದ್ದ. 'ಏನಾಯ್ತೋ' ಅಂದರೆ, 'ಅವ್ವನ್ ಪದ ಹೇಳ್ಬೋದಿತ್ತು ಕಣ್ರೋ' ಅಂದ, ಅಷ್ಟೇ. ಆ ಮೂರು ನಿಮಿಷದಲ್ಲಿ ಒಂದು ಕಾದಂಬರಿ ಇದೆ. ಜೇಬಿನಲ್ಲಿ ಯಾವ ಹಾಡಿತ್ತು, ಬಾಯಿಂದ ಯಾವ ಹಾಡು ಬಂತು, ನಡುವೆ ಮುಂದಿನ ಸಾಲಿನ ಕುರ್ಚಿಗಳು. ಗುಣ ಅನ್ನೋದು ಅಲ್ಲಿದೆ. ಹರಿದ ಅಂಗಿಯಲ್ಲಿ ಇಲ್ಲ.

ತಮಟೆಯ ಮಾತು ಬಂದೇ ಬರಬೇಕು. ತಾತನಿಗೆ ತಮಟೆ ಬಿಟ್ಟಿ ಚಾಕರಿ. ಊರಲ್ಲಿ ಹೆಣ ಬಿದ್ದರೆ ಕರೆ ಬರುತ್ತಿತ್ತು. ಜಾತ್ರೆಯಾದರೆ ದೇವರ ಮುಂದೆ ಬಡಿಯಬೇಕು, ಗುಡಿಯ ಒಳಗೆ ಹೋಗಬಾರದು. ಅಪ್ಪ ಬಡಿಯುವುದಿಲ್ಲ ಅಂತ ಅದನ್ನು ಅಟ್ಟಕ್ಕೆ ಎಸೆದರು. ಅದಕ್ಕಾಗಿ ಊರಿನವರ ಕೈಲಿ ಅನ್ನಿಸಿಕೊಂಡರು. ಸಂಘಟನೆಯ ಮೆರವಣಿಗೆಗೆ ನಾವೇ ಅದನ್ನು ಅಟ್ಟದಿಂದ ಇಳಿಸಿದೆವು. ಅಪ್ಪ ಎರಡು ದಿನ ಮಾತು ಬಿಟ್ಟರು. ತಾತ ಮಾತ್ರ ಜಗುಲಿಯಲ್ಲಿ ಕೂತು 'ಬಿಸಿ ತಾಗ್ಸೋ ಮಗಾ, ಹಂಗೇ ಬಡಿದ್ರೆ ಮಾತಾಡಾಕಿಲ್ಲ' ಅಂದರು. ಒಂದೇ ತಮಟೆ. ಒಬ್ಬರಿಗೆ ಚಾಕರಿ, ಒಬ್ಬರಿಗೆ ಅವಮಾನ, ಒಬ್ಬರಿಗೆ ಬಾವುಟ. ಮೂರು ತಲೆಮಾರಿನ ಮೂರು ಗುಣಗಳನ್ನು ಒಂದು ಚರ್ಮ ಹೇಳಿಬಿಟ್ಟಿತು. 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ನಾವೂ ಕುಣಿದೆವು. ಆದರೆ ದಿಲ್ಲಿ ಒಪ್ಪಿದ ತಮಟೆಯನ್ನು ನಮ್ಮ ಹರೆಯದ ಕಥೆ ಇನ್ನೂ ಒಳಗೆ ಕರೆದಿಲ್ಲ. ಕರೆದರೂ ಜಾತ್ರೆಯ ಪುಟದಲ್ಲಿ ಸದ್ದು ಮಾಡಿಸಿ ಹೊರಗೆ ಕಳಿಸುತ್ತಾರೆ. ಗುಡಿಯ ಹೊರಗೆ ನಿಲ್ಲಿಸಿದ ಹಾಗೇ!

ಹಾಗಂತ ನಾಳೆಯಿಂದ ಎಲ್ಲ ಕಥೆಗೂ ಒಂದೊಂದು ತಮಟೆ ನೇತುಹಾಕಿ ಅಂತ ನಾವು ಹೇಳುತ್ತಿಲ್ಲ. ಅದು ಗೋಡೆಗೆ ಮೊಳೆ ಹೊಡೆದ ಹಾಗೆ. ಒಂದು ಪರೀಕ್ಷೆ ಇದೆ, ಮಾಡಿ ನೋಡಿ. ಕಥೆಯಿಂದ ಆ ಹಾಡನ್ನು ತೆಗೆದು ನೋಡಿ. ಆ ಹುಡುಗ ಅಲ್ಲಾಡದೆ ಹಾಗೇ ನಿಂತಿದ್ದರೆ ಹಾಡು ಬರೀ ಅಲಂಕಾರ. ಅವನು ಕುಸಿದರೆ ಹಾಡು ಅವನ ಬೆನ್ನುಮೂಳೆ. ಖಲೀಲನ ಕಾರಿನ ಹಾಡು ತೆಗೆಯಿರಿ, ಅವನು ಪೊಲೀಸರ ಕಡತದಲ್ಲಿನ ಹೆಸರಾಗುತ್ತಾನೆ. ಸ್ಟೀವ್‌ನ ಕ್ಯಾಮೆರಾ ತೆಗೆಯಿರಿ, ಅವನು ಕೈದಿಯ ನಂಬರಾಗುತ್ತಾನೆ.

ನಮ್ಮ ಹಿರಿಯ ಸಂಗಾತಿಗಳಲ್ಲೇ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. 'ಸಿನಿಮಾ, ರ‍್ಯಾಪು ಎಲ್ಲ ಬಂಡವಾಳಶಾಹಿಯ ಅಫೀಮು. ಹುಡುಗರನ್ನು ಅದರಿಂದ ಬಿಡಿಸಬೇಕೇ ಹೊರತು ಅದನ್ನೇ ಸಾಹಿತ್ಯ ಮಾಡಬೇಕಾ?' ಅಂತ. ಹಿರಿಯರ ಮೇಲೆ ನಮಗೆ ಗೌರವ ಇದೆ. ಅವರು ಕಟ್ಟಿದ ಚಳುವಳಿಯ ನೆರಳಲ್ಲೇ ನಾವು ಅಕ್ಷರ ಕಲಿತೆವು. ಆದರೆ ಅಣ್ಣಂದಿರೇ, ನೀವು ಹಾದಿ ಬೀದಿಯಲ್ಲಿ ಜನ ಸೇರಿಸಿದ್ದು ಪ್ರಣಾಳಿಕೆ ಓದಿಯೋ, ಹಾಡು ಕಟ್ಟಿಯೋ? 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ಪುಸ್ತಕದ ಹೆಸರೇ 'ಹೊಲೆಮಾದಿಗರ ಹಾಡು'. ಹಾಡಿನ ಬೆನ್ನು ಹತ್ತಿ ಬಂದ ಚಳುವಳಿ ಹುಡುಗರ ಹಾಡಿಗೆ ಹೆದರಬಾರದು.

ಮಾರುಕಟ್ಟೆಯ ಮೋಸ ನಮಗೆ ಗೊತ್ತಿಲ್ಲ ಅಂತಲ್ಲ. ಅದೇ ಆಂಜಿ ಥಾಮಸ್ 2019ರಲ್ಲಿ 'ಆನ್ ದಿ ಕಮ್ ಅಪ್' ಬರೆದಳು. ಅಲ್ಲಿ ಬ್ರಿ ಅನ್ನುವ ಹದಿನಾರರ ಹುಡುಗಿ ರ‍್ಯಾಪ್ ಹಾಡುಗಾರ್ತಿಯಾಗಲು ಹೊರಟವಳು. ಶಾಲೆಯಲ್ಲಿ ಮಿಠಾಯಿ ಮಾರಿದ್ದಕ್ಕೆ ಕಾವಲುಗಾರರು ಅವಳನ್ನು ನೆಲಕ್ಕೆ ಕೆಡವಿ ಒತ್ತಿ ಹಿಡಿಯುತ್ತಾರೆ. ಆ ಸಿಟ್ಟಿನಲ್ಲಿ ಅವಳು ಹಾಡು ಕಟ್ಟುತ್ತಾಳೆ. ಲೋಕ ಅದನ್ನು ತಪ್ಪಾಗಿ ಕೇಳಿಸಿಕೊಂಡು ಅವಳನ್ನು ಪುಂಡಿ ಅನ್ನುತ್ತದೆ. ಹಾಡು ಮಾರುವವನು ಬಂದು, ಹೌದು, ಪುಂಡಿಯಾಗಿಯೇ ಇರು, ಅದಕ್ಕೇ ಬೆಲೆ ಅನ್ನುತ್ತಾನೆ. ಶಾಲೆ ಹೆದರುವುದೂ ಅದೇ ಮುಖಕ್ಕೆ, ಮಾರುಕಟ್ಟೆ ಕೊಳ್ಳುವುದೂ ಅದೇ ಮುಖವನ್ನು. ನಡುವೆ ತನ್ನ ದನಿ ಯಾವುದು ಅಂತ ಅವಳು ತೀರ್ಮಾನ ಮಾಡಬೇಕು. ಅಫೀಮು ಅಂತ ದೂರ ತಳ್ಳಿದ್ದರೆ ಈ ಹೋರಾಟ ಬರೆಯಲು ಆಗುತ್ತಿತ್ತೇ?

ನಮ್ಮ ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಬಿಗಿಯಾದ ಗಂಟು. ಹೆಣ್ಣನ್ನು ಬೆನ್ನಟ್ಟಿ ಕಾಡುವುದೇ ಪ್ರೀತಿ ಅಂತ ಹೇಳುವ ಸಿನಿಮಾ ಹಾಡುಗಳು ಎಷ್ಟಿಲ್ಲ. ಅದೇ ಹಾಡಿನ ತಾಳಕ್ಕೆ ಗಾರ್ಮೆಂಟ್ಸ್ ಬಸ್ಸಿನಲ್ಲಿ ನಮ್ಮ ಅಕ್ಕ ಕಾಲು ಕುಣಿಸುತ್ತಾಳೆ. ಇಳಿದ ಮೇಲೆ ಅದೇ ಹಾಡು ಹೇಳುತ್ತಾ ಹಿಂದೆ ಬಂದವನಿಗೆ ಚಪ್ಪಲಿ ತೋರಿಸುತ್ತಾಳೆ. ಕುಣಿದ ಕಾಲೂ ಅವಳದೇ, ಚಪ್ಪಲಿಯೂ ಅವಳದೇ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವ ಧೈರ್ಯ ಇರುವವರು ಬರಲಿ. 'ಮುಗ್ಧೆ' ಅಂತ ಒಂದೇ ಮಾತಲ್ಲಿ ಅವಳನ್ನು ಮುಗಿಸುವವರು ದಯವಿಟ್ಟು ಲೇಖನಿ ಕೆಳಗಿಡಲಿ.

ನಮ್ಮಲ್ಲಿ ದಾರಿ ತೋರಿಸಿದವರೇ ಇಲ್ಲ ಅಂತ ಅಲ್ಲ. ದೇವನೂರರ 'ಒಡಲಾಳ'ದಲ್ಲಿ ಹಸಿದ ಮನೆಯ ಗೋಡೆಯ ಮೇಲೆ ಒಂದು ನವಿಲಿನ ಚಿತ್ರ ಇದೆ. ಕಡಲೇಕಾಯಿಯನ್ನೂ ಬರೆದರು, ನವಿಲನ್ನೂ ಬರೆದರು. ಅದಕ್ಕೇ ಅದು ದರಖಾಸ್ತಾಗಲಿಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ಅವಮಾನದ ನಡುವೆಯೇ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ದೊಡ್ಡವರ ಪುಸ್ತಕದಲ್ಲಿ ನವಿಲು ಬಂತು, ನಗೆ ಬಂತು. ಹದಿನೈದರ ಹುಡುಗನ ಕೈಗೆ ಅಂತ ಬರೆಯುವಾಗ ಮಾತ್ರ ಯಾಕೆ ನವಿಲನ್ನು ಅಳಿಸಿ ನೀತಿಪಾಠ ಬರೆಯುತ್ತೀರಿ? ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿದೆ. ಪ್ರಶಸ್ತಿ ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಹದಿಹರೆಯ ಯಾವ ಪುಸ್ತಕದಲ್ಲಿ ತನ್ನ ದನಿ ಕೇಳಿಸಿಕೊಂಡಿತು ಅಂತ ಒಂದು ಲೆಕ್ಕ ಬೇಕು.

ಗ್ರಾಮಾಂತರದ ಮೇಷ್ಟ್ರೇ, ಮೇಡಮ್ಮೇ, ನೀವು ಹಾಜರಿ ಪುಸ್ತಕದಲ್ಲಿ ಜಾತಿಯ ಕಾಲಂ ತುಂಬುತ್ತೀರಿ. ಒಂದು ದಿನ ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಿ. ಈ ಮಗು ಏನು ಹಾಡುತ್ತದೆ? ತರಗತಿಯಲ್ಲಿ ಕೇಳಿ ನೋಡಿ. ಮೊದಲು ಯಾರೂ ಬಾಯಿ ಬಿಡುವುದಿಲ್ಲ. ನಿಮಗೆ ಇಷ್ಟವಾಗುವುದನ್ನೇ ಹೇಳುತ್ತಾರೆ, ನಮ್ಮ ಗೆಳೆಯ ಭಾವಗೀತೆ ಹಾಡಿದ ಹಾಗೆ. ಬಿಡಬೇಡಿ. ಎರಡನೇ ಸಲ ಕೇಳಿ, ಮೂರನೇ ಸಲ ಕೇಳಿ. ಬಂದ ಹಾಡಿಗೆ ಅಂಕ ಹಾಕಬೇಡಿ, ಮುಖ ಸಿಂ‍ಡರಿಸಬೇಡಿ. ಯಾಕೆ ಇಷ್ಟ ಅಂತ ಒಂದು ಪುಟ ಬರೆಸಿ. ನಮ್ಮ ಮುಂದಿನ ಕಾದಂಬರಿಕಾರ್ತಿ ಆ ಪುಟದಲ್ಲಿ ಇದ್ದಾಳೆ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಯಾರೋ ಬಂದು ನಮ್ಮನ್ನು ಬರೆಯಲಿ ಅಂತ ಕಾಯುತ್ತಾ ಕೂತರೆ ಅವರು ಮತ್ತೆ ಹರಿದ ಅಂಗಿಯನ್ನೇ ಬರೆಯುತ್ತಾರೆ. ಟಲ್ಸಾದ ಹುಡುಗಿ ಹದಿನೈದರಲ್ಲಿ ಬರೆಯಲು ಕೂತಳು. ನಿಮಗೆ ಈಗ ಎಷ್ಟು? ನಿಮ್ಮ ಮೊಬೈಲಿನಲ್ಲಿರುವ ಹಾಡುಗಳ ಪಟ್ಟಿ ತೆಗೆಯಿರಿ. ಯಾವುದನ್ನು ಎಲ್ಲರ ಮುಂದೆ ಹಾಕುತ್ತೀರಿ, ಯಾವುದನ್ನು ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬರೇ ಕೇಳುತ್ತೀರಿ, ಅಷ್ಟು ಬರೆಯಿರಿ ಸಾಕು. ನಾಚಿಕೆ ಎಲ್ಲಿ ಶುರುವಾಗುತ್ತದೋ ಕಥೆ ಅಲ್ಲೇ ಶುರುವಾಗುತ್ತದೆ.

ನಮ್ಮ ಗೆಳೆಯನ ಅವ್ವ ಈಗಲೂ ನಾಟಿಗೆ ಹೋಗುತ್ತಾರೆ. ಅವನ ಆ ಮೊಬೈಲು ಕೆಟ್ಟು ಎಷ್ಟೋ ಕಾಲವಾಯಿತು. ಕಾರ್ಡು ಮಾತ್ರ ಅವನ ಟ್ರಂಕಿನಲ್ಲಿದೆ. ಬರುವ ಏಪ್ರಿಲ್ 14ಕ್ಕೆ ಕಾಲೇಜಿನ ಅದೇ ವೇದಿಕೆಯಲ್ಲಿ ಆ ಪದ ಹೇಳುತ್ತೇನೆ ಅಂದಿದ್ದಾನೆ. ಅವ್ವನನ್ನೂ ಕರೆತರುತ್ತಾನಂತೆ. ಅವರನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸುವ ಜವಾಬ್ದಾರಿ ನಮ್ಮದು.

ಬರೆಯುವವರು ಬನ್ನಿ. ಹಿಂದೆ ನಿಂತು ಕೇಳಿಸಿಕೊಳ್ಳಿ.